ಬರಿಹೊಟ್ಟೆಗೆ ಮೂರು ಮಾತ್ರೆ

ಕ್ಷಯದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬೇಕು ಅಂತಾರೆ. ಬೆಳಿಗ್ಗೆ ಎದ್ದು, ಏನೂ ತಿನ್ನದೆ, ಒಂದು ಲೋಟ ನೀರಿನ ಜೊತೆ. ಶಾಸ್ತ್ರದ ಲೆಕ್ಕದಲ್ಲಿ ಇದು ಸರಿಯಾದ ಮಾತೇ. ಹೊಟ್ಟೆಯಲ್ಲಿ ಅನ್ನವಿದ್ದರೆ ರಿಫಾಂಪಿಸಿನ್ ಎಂಬ ಮದ್ದು ರಕ್ತಕ್ಕೆ ಅಷ್ಟು ಚೆನ್ನಾಗಿ ಸೇರುವುದಿಲ್ಲ. ಈ ಮಾತನ್ನು ಕೇಳಿ ನಮ್ಮ ಕಾವೂರಿನ ಬೀಡಿ ಕಟ್ಟುವ ಅಕ್ಕ ಒಬ್ಬರು ನಕ್ಕುಬಿಟ್ಟರು. "ಬರಿಹೊಟ್ಟೆಯಲ್ಲಿ ಇರುದು ಹೇಗೆ ಅಂತ ನಮಗೆ ಯಾರೂ ಕಲಿಸಿಕೊಡುದು ಬೇಡ ಮಾರಾಯ್ರೆ" ಅಂದರು.

ಆ ನಗುವನ್ನು ಇಟ್ಟುಕೊಂಡೇ ನಾವು ಈ ಮಾತು ಬರೆಯುತ್ತಿದ್ದೇವೆ.

ಮಂಗಳೂರಿನ ಕಾವೂರು ಅಂದರೆ ದೂರದ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಊರಿನ ಉತ್ತರದ ಅಂಚು. ಮಹಾಲಿಂಗೇಶ್ವರನ ದೇವಸ್ಥಾನ ಉಂಟು, ಕೆರೆ ಉಂಟು, ಕುದುರೆಮುಖ ಕಂಪೆನಿಯ ನೌಕರರಿಗೆಂದು ಕಟ್ಟಿದ ಅಚ್ಚುಕಟ್ಟಾದ ವಸತಿ ಬಡಾವಣೆ ಉಂಟು. ಪಶ್ಚಿಮಕ್ಕೆ ಕೂಳೂರು ದಾಟಿದರೆ ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆ. ಇನ್ನೊಂದು ಕಡೆ ವಿಮಾನ ಇಳಿಯುವ ದಾರಿ. ಊರಿನ ಕಕ್ಕಸು ಬಚ್ಚಲುಗಳ ನೀರಿನ ಒಂದು ದೊಡ್ಡ ಪಾಲು ಬಂದು ಸೇರುವ ಶುದ್ಧೀಕರಣ ಘಟಕವೂ ಇಲ್ಲೇ ಉಂಟು. ಆ ಚರಂಡಿಗಳನ್ನು ಬಿಡಿಸುವವರು, ರಸ್ತೆ ಗುಡಿಸುವವರು, ಗಾರೆ ಹೊರುವವರು, ತಡ್ಪೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಇರುವ ಕಾಲೊನಿಗಳು ಈ ಎಲ್ಲದರ ಸಂದಿಗಳಲ್ಲಿ ಅಡಗಿಕೊಂಡಿವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಅವು ಕಾಣುವುದಿಲ್ಲ. ಕ್ಷಯ ಮಾತ್ರ ಅವುಗಳ ವಿಳಾಸ ಮರೆತಿಲ್ಲ.

ಬೀಡಿ ಕಟ್ಟುವ ಆ ಅಕ್ಕನ ತೂಕ ಮೂವತ್ತೆಂಟು ಕಿಲೋ. ಸರ್ಕಾರದ ಮಾತ್ರೆಯ ಲೆಕ್ಕ ತೂಕದ ಮೇಲೆ: ೨೫ರಿಂದ ೩೪ ಕಿಲೋ ಇದ್ದವರಿಗೆ ದಿನಕ್ಕೆ ಎರಡು, ೩೫ರಿಂದ ೪೯ಕ್ಕೆ ಮೂರು, ೫೦ರಿಂದ ೬೪ಕ್ಕೆ ನಾಲ್ಕು. ಒಂದೊಂದು ಮಾತ್ರೆಯೊಳಗೆ ನಾಲ್ಕು ಮದ್ದು: ಐಸೋನಿಯಾಜಿಡ್ ೭೫ ಮಿಲಿಗ್ರಾಂ, ರಿಫಾಂಪಿಸಿನ್ ೧೫೦, ಪೈರಾಜಿನಮೈಡ್ ೪೦೦, ಎಥಾಂಬುಟಾಲ್ ೨೭೫. ಎರಡು ತಿಂಗಳು ಈ ನಾಲ್ಕೂ. ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಹೀಗೆ ಅಕ್ಕನ ಬರಿಹೊಟ್ಟೆಗೆ ದಿನಕ್ಕೆ ಮೂರು ಮಾತ್ರೆ ಬಿತ್ತು.

ಮೊದಲ ದಿನವೇ ಮೂತ್ರ ಕೆಂಪಾಯಿತು. ಕೇಳಿದ್ದಕ್ಕೆ, ಅದು ಮದ್ದಿನ ಬಣ್ಣ, ಹೆದರಬೇಡಿ ಅಂದರು. ಸತ್ಯವೇ. ರಿಫಾಂಪಿಸಿನ್ ತಿಂದವರ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಕೆಂಪಾಗುತ್ತದೆ. ಮೂರನೆಯ ವಾರಕ್ಕೆ ವಾಂತಿ ಶುರುವಾಯಿತು. ಕೇಳಿದ್ದಕ್ಕೆ, ಮೊದಮೊದಲು ಹಾಗೇ, ಮಾತ್ರೆ ಮಾತ್ರ ಬಿಡಬೇಡಿ ಅಂದರು. ಐದನೆಯ ವಾರಕ್ಕೆ ಗಂಜಿಯ ವಾಸನೆ ಬಂದರೂ ಹೊಟ್ಟೆ ತೊಳಸತೊಡಗಿತು. ಮೂತ್ರ ಚಹದ ಕಷಾಯದ ಹಾಗೆ ಕಪ್ಪಾಯಿತು. ಆಗ ಅವರು ಯಾರನ್ನೂ ಕೇಳಲಿಲ್ಲ. ಮದ್ದಿನ ಬಣ್ಣ ಅಂತ ಆಗಲೇ ಹೇಳಿದ್ದರಲ್ಲ! ಶಾಲೆಯಿಂದ ಬಂದ ಮಗಳು ಒಂದು ಸಂಜೆ ಅಮ್ಮನ ಮುಖ ನೋಡಿ, "ಅಮ್ಮ, ನಿಮ್ಮ ಕಣ್ಣು ಯಾಕೆ ಅರಿಶಿನ ಹಚ್ಚಿದ ಹಾಗೆ ಆಗಿದೆ?" ಅಂತ ಕೇಳಿದಳು.

ಕಾಮಾಲೆ ಅಂದುಕೊಂಡರು. ಕಾಮಾಲೆಗೆ ನಮ್ಮ ಕಡೆ ಸೊಪ್ಪಿನ ಮದ್ದು ಕೊಡುವವರಿದ್ದಾರೆ. ಅಲ್ಲಿಗೆ ಹೋದರು. ಮಾತ್ರೆ ತಾನಾಗೇ ನಿಂತುಹೋಯಿತು. ಹತ್ತು ದಿನ ಕಳೆದ ಮೇಲೆ ಆರೋಗ್ಯ ಕೇಂದ್ರದಿಂದ ಒಬ್ಬರು ಹುಡುಕಿಕೊಂಡು ಬಂದರು. ಬಂದವರು ಕಣ್ಣು ನೋಡಲಿಲ್ಲ, ಕಾರ್ಡು ನೋಡಿದರು. ಕಾರ್ಡಿನಲ್ಲಿ ಹತ್ತು ದಿನ ಖಾಲಿ ಇತ್ತು. "ನಿಮ್ಮಂಥ ಡಿಫಾಲ್ಟರುಗಳಿಂದಲೇ ಈ ರೋಗ ಹೋಗುದಿಲ್ಲ" ಅಂದರು.

ಗೆಳೆಯರೆ, ನಮ್ಮ ಜಗಳ ಈ ಒಂದು ಮಾತಿನ ಮೇಲೆ.

ಅಕ್ಕ ಬದುಕಿದರು. ಮಗಳ ಮೇಷ್ಟ್ರು ಒಬ್ಬರು ಸುಮ್ಮನಿರದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ನೋಡಿದರು. ಲಿವರ್ ಬಾತುಕೊಂಡಿತ್ತು. ಮಾತ್ರೆಯೆಲ್ಲ ನಿಲ್ಲಿಸಿದರು. ವಾರಗಳು ಕಳೆದು ಲಿವರ್ ತಣ್ಣಗಾದ ಮೇಲೆ ಒಂದೊಂದೇ ಮದ್ದನ್ನು ಮತ್ತೆ ಶುರುಮಾಡಿದರು. ಅವರು ಪೂರ್ತಿ ಮದ್ದು ಮುಗಿಸಿದರು. ಅದೇ ಸಾಲಿನ ಪೌರಕಾರ್ಮಿಕ ಅಣ್ಣ ಒಬ್ಬರಿಗೆ ಅಂಥ ಮೇಷ್ಟ್ರು ಸಿಗಲಿಲ್ಲ. ಅವರಿಗೂ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು, ಮಾತು ತೊದಲಿತು, ಪ್ರಜ್ಞೆ ತಪ್ಪಿತು. ಅವರು ಸತ್ತಾಗ ಊರು ಹೇಳಿದ್ದು ಒಂದೇ ಮಾತು: "ಕುಡಿದು ಸತ್ತ." ಅವರು ಕೊನೆಯ ದಿನದವರೆಗೆ ನುಂಗುತ್ತಿದ್ದ ಮಾತ್ರೆಯ ಬಗ್ಗೆ ಯಾರೂ ಒಂದು ಸಾಲು ಬರೆದುಕೊಳ್ಳಲಿಲ್ಲ.

ಈಗ ಮದ್ದಿನ ಮಾತನ್ನು ಸರಿಯಾಗಿ ಆಡೋಣ. ನಾವು ಮದ್ದಿನ ವಿರೋಧಿಗಳಲ್ಲ. ಕ್ಷಯಕ್ಕೆ ಮದ್ದು ತಿನ್ನದಿದ್ದರೆ ಅರ್ಧದಷ್ಟು ಮಂದಿ ಸಾಯುತ್ತಾರೆ. ಸಾಯುವ ಮೊದಲು ಮನೆಯ ಮಕ್ಕಳಿಗೂ ಹಂಚಿ ಸಾಯುತ್ತಾರೆ. ಈ ಮದ್ದುಗಳು ಬರುವ ಮೊದಲು ನಮ್ಮ ಅಜ್ಜಂದಿರು ರಕ್ತ ಕಾರಿ ಸತ್ತದ್ದನ್ನು ನಾವು ಮರೆತಿಲ್ಲ. ಆದರೆ ನಾಲ್ಕು ಮದ್ದುಗಳಲ್ಲಿ ಎಥಾಂಬುಟಾಲ್ ಒಂದನ್ನು ಬಿಟ್ಟರೆ ಉಳಿದ ಮೂರೂ ಲಿವರನ್ನು ಕೆಡಿಸಬಲ್ಲವು. ತಿಂದ ಮದ್ದನ್ನು ಒಡೆದು ಹೊರಗೆ ಹಾಕುವ ಕೆಲಸ ಲಿವರಿನದು. ಐಸೋನಿಯಾಜಿಡ್ಡನ್ನು ಒಡೆಯುವಾಗ ಹುಟ್ಟುವ ಕೆಲವು ಚೂರುಗಳೇ ವಿಷ. ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಈ ಕೆಲಸ ನಿಧಾನ. ಅಂಥವರಲ್ಲಿ ವಿಷ ಹೆಚ್ಚು ಹೊತ್ತು ನಿಲ್ಲುತ್ತದೆ. ಜೊತೆಗೆ ರಿಫಾಂಪಿಸಿನ್ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಹೆಚ್ಚಿನವರಿಗೆ ಇದು ಮೊದಲ ಎರಡು ತಿಂಗಳಲ್ಲೇ ಆಗುತ್ತದೆ. ವಯಸ್ಸಾದವರು, ಹೊಟ್ಟೆಗಿಲ್ಲದೆ ಸೊರಗಿದವರು, ಕುಡಿಯುವವರು, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು, ಎಚ್‌ಐವಿ ಇದ್ದವರು, ಬಸುರಿ ಬಾಣಂತಿಯರು: ಇವರಿಗೆ ಅಪಾಯ ಹೆಚ್ಚು. ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಇದು ಯಾರ ಕೇರಿಯ ಮತದಾರರ ಪಟ್ಟಿ?

ಎಷ್ಟು ಮಂದಿಗೆ ಹೀಗಾಗುತ್ತದೆ? ಜಗತ್ತಿನ ಬೇರೆ ಬೇರೆ ಅಧ್ಯಯನಗಳು ನೂರರಲ್ಲಿ ಎರಡರಿಂದ ಇಪ್ಪತ್ತೆಂಟರವರೆಗೆ ಲೆಕ್ಕ ಕೊಟ್ಟಿವೆ. ಅತಿ ಕಡಿಮೆಯದನ್ನೇ ಹಿಡಿಯಿರಿ, ನೂರಕ್ಕೆ ಎರಡು. ೨೦೨೪ರಲ್ಲಿ ಈ ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳು ಸುಮಾರು ೨೬ ಲಕ್ಷ. ನೂರಕ್ಕೆ ಎರಡೆಂದರೂ ಐವತ್ತು ಸಾವಿರ ದಾಟಿತು. ಐವತ್ತು ಸಾವಿರ ಮಂದಿ ವಿಮಾನದಲ್ಲಿ ಹೋಗುವವರಿಗೆ ಒಂದೇ ವರ್ಷ ಕಣ್ಣು ಹಳದಿಯಾಗಿದ್ದರೆ ಪಾರ್ಲಿಮೆಂಟು ನಿಂತುಹೋಗುತ್ತಿತ್ತು.

ಇದು ಬರೀ ಕೋಪದ ಮಾತಲ್ಲ, ಇದಕ್ಕೆ ಚರಿತ್ರೆ ಇದೆ. ಐಸೋನಿಯಾಜಿಡ್ ರೋಗಿಗಳ ಕೈಗೆ ಬಂದದ್ದು ೧೯೫೨ರಲ್ಲಿ. ಹದಿನೆಂಟು ವರ್ಷ ಜಗತ್ತಿನ ಬಡವರು ಅದನ್ನು ನುಂಗಿದರು. ೧೯೭೦ರಲ್ಲಿ ಅಮೆರಿಕದ ರಾಜಧಾನಿಯಲ್ಲಿ, ಅವರ ಸಂಸತ್ತು ಕೂರುವ ಕ್ಯಾಪಿಟಲ್ ಹಿಲ್‌ನಲ್ಲಿ, ನೌಕರರ ನಡುವೆ ಕ್ಷಯ ಕಾಣಿಸಿಕೊಂಡಿತು. ಮುಂಜಾಗ್ರತೆಗೆಂದು ೨,೩೨೧ ಮಂದಿಗೆ ಐಸೋನಿಯಾಜಿಡ್ ಕೊಟ್ಟರು. ಹತ್ತೊಂಬತ್ತು ಮಂದಿಗೆ ಲಿವರ್ ಕೆಟ್ಟಿತು, ಇಬ್ಬರು ಸತ್ತರು. ೧೯೭೨ರಲ್ಲಿ ಅದರ ವರದಿ ಅಚ್ಚಾಯಿತು. ಅಲ್ಲಿನ ಸರ್ಕಾರ ಹಲವು ನಗರಗಳಲ್ಲಿ ಸುಮಾರು ಹದಿನಾಲ್ಕು ಸಾವಿರ ಮಂದಿಯನ್ನು ತಿಂಗಳು ತಿಂಗಳು ಗಮನಿಸಿ ಲೆಕ್ಕ ತೆಗೆಯಿತು. ಈ ಮಾತ್ರೆಗೆ ಲಿವರ್ ಸಾಯುತ್ತದೆ ಎಂಬುದು ಅಲ್ಲಿಂದ ವೈದ್ಯರ ಪಾಠವಾಯಿತು. ಸಂಸತ್ತಿನ ಅಂಗಳದ ಇಬ್ಬರು ಸತ್ತದ್ದಕ್ಕೆ ಒಂದು ಶಾಸ್ತ್ರ ಹುಟ್ಟಿತು. ಸತ್ತವರ ಬಗ್ಗೆ ನಮಗೆ ಸಿಟ್ಟಿಲ್ಲ. ಅವರ ಸಾವಿಗೆ ಸಿಕ್ಕ ಗೌರವ ನಮ್ಮ ಪೌರಕಾರ್ಮಿಕ ಅಣ್ಣನ ಸಾವಿಗೂ ಸಿಗಬೇಕು ಅನ್ನುತ್ತೇವೆ, ಅಷ್ಟೆ. ಅಲ್ಲಿ ಸತ್ತವರನ್ನು ಎಣಿಸಿದರು. ಇಲ್ಲಿ ನುಂಗಿದ ಮಾತ್ರೆಯನ್ನು ಎಣಿಸುತ್ತಾರೆ.

ನಮ್ಮದೇ ನಾಡಿನ ಇನ್ನೊಂದು ಪುಟವನ್ನು ತೆಗೆಯೋಣ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸುತ್ತಾಡಿ, ಕ್ಷಯ ಇರುವವರನ್ನೇ ಕೂರಿಸಿಕೊಂಡು ಮಾತಾಡಿಸಿ, ೧೯೬೩ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಮೌಢ್ಯ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅವರಿಗೆ ಕಂಡದ್ದೇ ಬೇರೆ. ಬಹುಪಾಲು ಮಂದಿಗೆ ತಮ್ಮ ರೋಗದ ಲಕ್ಷಣ ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ತುಮಕೂರಿನ ಆ ರೋಗಿಗಳು ೧೯೬೩ರಲ್ಲೇ ಸಾಕ್ಷಿ ಹೇಳಿದ್ದಾರೆ: ನಾವು ಬಂದಿದ್ದೆವು, ನೀವು ನೋಡಲಿಲ್ಲ. ಕಾವೂರಿನ ಅಕ್ಕ ಹೇಳುವುದೂ ಅದನ್ನೇ. ವಾಂತಿ ಅಂದರು, ಯಾರೂ ಕೇಳಲಿಲ್ಲ. ಕಿವಿ ಇಲ್ಲದವರು ಬಾಯಿ ಇದ್ದವರನ್ನು ಮೂಢರು ಅನ್ನುವುದು ನಮ್ಮ ದೇಶದಲ್ಲಿ ಹಳೆಯ ಕಸುಬು.

'ಡಿಫಾಲ್ಟರ್' ಎಂಬ ಮಾತು ಬ್ಯಾಂಕಿನದು. ಸಾಲ ತಗೊಂಡು ಕಟ್ಟದವನಿಗೆ ಹೇಳುವ ಮಾತು. ನಾವು ಯಾರ ಸಾಲ ತಗೊಂಡಿದ್ದೇವೆ? ವಿಶ್ವ ಆರೋಗ್ಯ ಸಂಸ್ಥೆ ೨೦೧೩ರಲ್ಲೇ ಆ ಪದವನ್ನು ತನ್ನ ಪುಸ್ತಕದಿಂದ ತೆಗೆದುಹಾಕಿತು. ಸಂಪರ್ಕ ತಪ್ಪಿದವರು ಎಂದು ಬರೆಯಿರಿ ಅಂದಿತು. ಪುಸ್ತಕದಿಂದ ಹೋದ ಪದ ನಾಲಗೆಯಿಂದ ಹೋಗಿಲ್ಲ. ಹೋಗುವುದು ಹೇಗೆ? ಬಡವನನ್ನು ಅಪರಾಧಿ ಮಾಡದೆ ಮಾತಾಡುವ ಅಭ್ಯಾಸವೇ ಇಲ್ಲ. ರೋಗ ಬಂದರೆ ಕೊಳಕು, ಮದ್ದು ಬಿಟ್ಟರೆ ಬೇಜವಾಬ್ದಾರಿ, ಲಿವರ್ ಕೆಟ್ಟರೆ ಕುಡುಕ.

ನಮ್ಮ ತುಳುನಾಡಿನಲ್ಲಿ ಅಜಲು ಎಂಬ ಪದ್ಧತಿ ಇತ್ತು. ಮೇಲಿನವರ ಮನೆಯ ಬಸುರಿಯರ, ರೋಗಿಗಳ ಪೀಡೆ ತೊಲಗಲಿ ಎಂದು ಅನ್ನಕ್ಕೆ ಕೂದಲು ಉಗುರು ಕಲಸಿ ಕೊರಗರಿಗೆ ತಿನ್ನಿಸುವುದು. ತಮ್ಮ ರೋಗವನ್ನು ಇನ್ನೊಬ್ಬರ ಹೊಟ್ಟೆಗೆ ದಾಟಿಸುವುದು. ಅದನ್ನು ನಿಷೇಧಿಸುವ ಕಾನೂನು ಬರಲಿಕ್ಕೆ ೨೦೦೦ನೆಯ ಇಸವಿ ಆಗಬೇಕಾಯಿತು. ಆ ಕಾನೂನು ಕೂದಲು ಉಗುರಿನ ಅನ್ನವನ್ನು ನಿಲ್ಲಿಸಿತು ಅನ್ನೋಣ. ಆದರೆ ಕೆಲವರ ಹೊಟ್ಟೆಗೆ ಏನು ಬಿದ್ದರೂ ನಡೆಯುತ್ತದೆ, ಅದು ಒಳಗೆ ಹೋಗಿ ಏನು ಮಾಡಿತು ಎಂದು ನೋಡಬೇಕಾಗಿಲ್ಲ ಎಂಬ ಮನಸ್ಸನ್ನು ಯಾವ ಕಾನೂನು ನಿಲ್ಲಿಸಿದೆ? ಮದ್ದು ಒಳ್ಳೆಯದೇ. ಅದನ್ನು ಕೊಟ್ಟು ಮುಖ ತಿರುಗಿಸುವ ಮನಸ್ಸು ಹಳೆಯದು.

ಈ ಲೇಖನದ ಮಾತು ಎತ್ತಿದಾಗ ನಮ್ಮವರೇ ಕೆಲವರು, ಒಳ್ಳೆಯ ಮನಸ್ಸಿನ ವಿದ್ಯಾವಂತರು, ಹೇಳಿದರು: "ಇದನ್ನೆಲ್ಲ ಬರೆಯಬೇಡಿ. ಲಿವರ್ ಹಾಳಾಗುತ್ತದೆ ಅಂದರೆ ಜನ ಹೆದರಿ ಮಾತ್ರೆ ಬಿಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ಬರುತ್ತದೆ." ಅರ್ಧಕ್ಕೆ ಬಿಟ್ಟರೆ ಬರುವ ಅಪಾಯ ನಿಜ. ಆದರೆ ಇವರ ಮಾತಿನ ಒಳಗಿರುವ ನಂಬಿಕೆ ಏನು? ಬಡವರಿಗೆ ಪೂರ್ತಿ ಸತ್ಯ ಹೇಳಿದರೆ ತಾಳಿಕೊಳ್ಳಲಾರರು. ಅವರಿಗೆ ಅರ್ಧ ಸತ್ಯ ಸಾಕು. ಇದೇ ಸ್ವಾಮಿ ನಾವು ಹೋರಾಡುತ್ತಾ ಬಂದ ಜಾತಿಯ ಮನಸ್ಸು! ಓದಿದವನ ಮಗನಿಗೆ ಕ್ಷಯ ಬಂದರೆ ಮಾತ್ರೆ ಶುರುಮಾಡುವ ಮೊದಲೇ ಖಾಸಗಿ ವೈದ್ಯರು ಲಿವರಿನ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಏನೇನಾಗಬಹುದು ಎಂದು ಕೂರಿಸಿ ಹೇಳುತ್ತಾರೆ. ಅವನು ಹೆದರಿ ಓಡಿಹೋಗುವುದಿಲ್ಲ. ನಮ್ಮ ಅಕ್ಕ ಮಾತ್ರ ಓಡಿಹೋಗುತ್ತಾರೆಯೇ?

ನಿಜಕ್ಕೂ ಜನ ಮಾತ್ರೆ ಬಿಡುವುದು ಯಾವಾಗ? ಹೇಳದೆ ಇದ್ದಾಗ. ಹೇಳದೆ ಇದ್ದದ್ದು ಆದಾಗ. ವಾಂತಿ ಬಂದು, ಕಣ್ಣು ಹಳದಿಯಾಗಿ, ಆಸ್ಪತ್ರೆಯವರು ಸುಳ್ಳು ಹೇಳಿದರು ಅನ್ನಿಸಿದಾಗ ನಂಬಿಕೆ ಮುರಿಯುತ್ತದೆ. ಆ ಒಬ್ಬರ ಕಣ್ಣು ನೋಡಿ ಸಾಲಿನ ಹತ್ತು ಮನೆಯವರು ಮಾತ್ರೆ ಎಸೆಯುತ್ತಾರೆ. ಹೀಗೆ ಆಗಬಹುದು, ಆದರೆ ಹೆದರಬೇಕಾಗಿಲ್ಲ, ಕೂಡಲೇ ಬನ್ನಿ, ಮದ್ದು ನಿಲ್ಲಿಸಿದರೆ ಹೆಚ್ಚಿನವರ ಲಿವರ್ ಚೇತರಿಸುತ್ತದೆ, ಆಮೇಲೆ ಬೇರೆ ದಾರಿಯಲ್ಲಿ ಮದ್ದು ಮುಂದುವರಿಸಬಹುದು ಎಂದು ಮೊದಲ ದಿನ ಹೇಳಿದ್ದರೆ ಅಕ್ಕ ಐದನೆಯ ವಾರ ಸೊಪ್ಪಿನ ಮದ್ದಿಗೆ ಹೋಗುತ್ತಿರಲಿಲ್ಲ. ಆರೋಗ್ಯ ಕೇಂದ್ರಕ್ಕೇ ಬರುತ್ತಿದ್ದರು. ಸತ್ಯ ಹೇಳುವುದೇ ಇಲ್ಲಿ ಮದ್ದಿನ ಅರ್ಧ ಪಾಲು.

ಇನ್ನು ಅನ್ನದ ಮಾತು. ಲಿವರಿಗೆ ವಿಷ ತೊಳೆಯಲು ಬೇಕಾದ ಶಕ್ತಿ ಬರುವುದು ತಿಂದದ್ದರಿಂದ. ಬೇಳೆ, ಮೀನು, ಮೊಟ್ಟೆ, ಹಾಲು ಕಾಣದ ಮೈಗೆ ಅದೇ ಮಾತ್ರೆ ಹೆಚ್ಚು ಕುತ್ತು ತರುತ್ತದೆ. ಮದರಾಸಿನಲ್ಲಿ ನಡೆದು ೧೯೫೯ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗ, ಕ್ಷಯದವರನ್ನು ಆರೋಗ್ಯಧಾಮದಲ್ಲಿ ಮಲಗಿಸಬೇಕಾಗಿಲ್ಲ, ಗುಡಿಸಲಲ್ಲೇ ಇದ್ದು ಅರೆಹೊಟ್ಟೆ ಉಂಡರೂ ಮದ್ದಿನಿಂದ ವಾಸಿಯಾಗುತ್ತಾರೆ ಎಂದು ತೋರಿಸಿತು. ಅದರಿಂದ ಬಡವರಿಗೆ ದೊಡ್ಡ ಉಪಕಾರವೂ ಆಯಿತು. ಹಾಸಿಗೆ ಸಿಗದೆ ಸಾಯುತ್ತಿದ್ದ ಲಕ್ಷಾಂತರ ಮಂದಿಗೆ ಮನೆ ಬಾಗಿಲಿನಲ್ಲಿ ಮದ್ದು ಬಂತು. ಆದರೆ ಅದೇ ನೆವದಲ್ಲಿ ಸರ್ಕಾರಗಳು ಅನ್ನದ ಮಾತನ್ನು ಕ್ಷಯದ ಕಡತದಿಂದ ಎತ್ತಿ ಹೊರಗಿಟ್ಟವು. ಮಾತ್ರೆ ಅಗ್ಗ, ಅನ್ನ ದುಬಾರಿ.

ಅನ್ನವನ್ನು ಮತ್ತೆ ಕಡತದೊಳಗೆ ತಂದವರಲ್ಲಿ ನಮ್ಮ ಮಂಗಳೂರಿನವರೂ ಇದ್ದಾರೆ. ಇಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಸುಮಾರು ೨,೮೦೦ ಕ್ಷಯ ರೋಗಿಗಳಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧ ಭಾಗದ ಮನೆಗಳಲ್ಲಿ ರೋಗಿಯ ಜೊತೆಗಿದ್ದವರಿಗೂ ರೇಷನ್ ಕೊಟ್ಟರು. ೨೦೨೩ರಲ್ಲಿ ಫಲ ಪ್ರಕಟವಾಯಿತು. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ಸುಮಾರು ನಲವತ್ತರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸತ್ಯಕ್ಕೆ ಈಗ ದೊಡ್ಡ ಪತ್ರಿಕೆಯ ಮುದ್ರೆಯೂ ಬಿದ್ದಿದೆ.

ಸರ್ಕಾರ ಏನು ಕೊಡುತ್ತದೆ? ೨೦೧೮ರ ಏಪ್ರಿಲಿನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ೫೦೦ ರೂಪಾಯಿ. ೨೦೨೪ರ ನವೆಂಬರಿನಿಂದ ೧,೦೦೦. ದಿನಕ್ಕೆ ಮೂವತ್ತಮೂರು ರೂಪಾಯಿ ಚಿಲ್ಲರೆ. ಮಂಗಳೂರಿನಲ್ಲಿ ಅದಕ್ಕೆ ಎಷ್ಟು ಬಂಗುಡೆ ಬರುತ್ತದೆ, ನೀವೇ ಲೆಕ್ಕ ಹಾಕಿ. ಸಾಲದ್ದಕ್ಕೆ ೨೦೨೨ರಲ್ಲಿ 'ನಿಕ್ಷಯ್ ಮಿತ್ರ' ಎಂದು ಶುರುಮಾಡಿದರು. ಉಳ್ಳವರು, ಕಂಪೆನಿಗಳು, ಚುನಾಯಿತರು ಕ್ಷಯ ರೋಗಿಗಳನ್ನು 'ದತ್ತು' ತೆಗೆದುಕೊಂಡು ಆಹಾರದ ಕಿಟ್ ಕೊಡುವ ಯೋಜನೆ. ಕೊಡುವವರ ಒಳ್ಳೆಯ ಮನಸ್ಸನ್ನು ನಾವು ಅಣಕಿಸುವುದಿಲ್ಲ. ಹಸಿದವರ ಕೈಯಿಂದ ಕಿಟ್ ಕಿತ್ತು ಬಿಸಾಡಿ ಅನ್ನುವುದೂ ಇಲ್ಲ. ಆದರೆ ದತ್ತು ಅಂದರೆ ಏನು? ನಾಲ್ಕು ಮಕ್ಕಳ ತಾಯಿ ಯಾರ ಮಗುವಾಗಬೇಕು? ಹಕ್ಕಾಗಿ ಸಿಗಬೇಕಾದ ಅನ್ನವನ್ನು ಫೋಟೋ ಹಿಡಿದು ಕೊಡುವ ಭಿಕ್ಷೆ ಮಾಡಿದ ಮೇಲೆ, ಬಾಬಾಸಾಹೇಬರು ಬರೆದ ಸಂವಿಧಾನದಲ್ಲಿ ನಮಗೆ ಉಳಿದದ್ದೇನು?

ಕುಡಿತದ ಮಾತನ್ನೂ ನಾವು ಬಚ್ಚಿಡುವುದಿಲ್ಲ. ಕುಡಿತ ಲಿವರಿಗೆ ಕೆಟ್ಟದ್ದು. ಈ ಮಾತ್ರೆಗಳ ಜೊತೆ ಸೇರಿದರೆ ಎರಡು ಪಟ್ಟು ಕೆಟ್ಟದ್ದು. ಮದ್ದು ತಿನ್ನುವಷ್ಟು ಕಾಲ ಒಂದು ಹನಿಯೂ ಬೇಡ ಎಂದು ನಾವು ನಮ್ಮ ಅಣ್ಣಂದಿರ ಕಾಲು ಹಿಡಿದು ಹೇಳುತ್ತೇವೆ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ದಲಿತ ಸಂಘರ್ಷ ಸಮಿತಿ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಆದರೆ 'ಕುಡಿದು ಸತ್ತ' ಎಂದು ಫೈಲು ಮುಚ್ಚುವವರಿಗೆ ನಾವು ಕೇಳುತ್ತೇವೆ: ಇನ್ನೊಬ್ಬರ ಮಲದ ಗುಂಡಿಗೆ ಕುಡಿಯದೆ ಮೂಗು ಬಿಟ್ಟು ಇಳಿಯಲು ನೀವು ತಯಾರೇ? ೨೦೦೭ರಲ್ಲಿ ಸಾರಾಯಿ ನಿಲ್ಲಿಸಿದ ಸರ್ಕಾರ, ಅದಕ್ಕಿಂತ ದುಬಾರಿ ಬಾಟಲಿಯನ್ನು ಬಡಾವಣೆ ಬಡಾವಣೆಗೆ ತಂದು ನಿಲ್ಲಿಸಿ ಆ ದುಡ್ಡಿನಲ್ಲಿ ಬಜೆಟ್ ಮಂಡಿಸುವುದಿಲ್ಲವೇ? ಕುಡಿಯುವವನ ಲಿವರ್ ದುರ್ಬಲ ಎಂದು ಗೊತ್ತಿದ್ದ ಮೇಲೆ ಅವನ ರಕ್ತವನ್ನು ಮೊದಲು ನೋಡಬೇಕಲ್ಲವೇ? ಅಪಾಯ ಹೆಚ್ಚಿದ್ದವರನ್ನು ಹೆಚ್ಚು ನೋಡಬೇಕು ಎನ್ನುವುದು ವೈದ್ಯರ ಧರ್ಮ. ಅಪಾಯ ಹೆಚ್ಚಿದ್ದವರನ್ನು ಹೆಚ್ಚು ಬೈಯಬೇಕು ಎನ್ನುವುದು ಯಾವ ಧರ್ಮ?

ಈ ಜಿಲ್ಲೆಯಲ್ಲಿ ಅರ್ಧ ಡಜನ್ನಿಗೂ ಮೀರಿ ವೈದ್ಯಕೀಯ ಕಾಲೇಜುಗಳಿವೆ. ೧೮೪೮ರಿಂದ ನಡೆಯುತ್ತಿರುವ ವೆನ್ಲಾಕ್ ಆಸ್ಪತ್ರೆ ಇದೆ. ಲಿವರಿನ ರಕ್ತಪರೀಕ್ಷೆ ಚಂದ್ರಲೋಕದ ವಿದ್ಯೆಯೇನೂ ಅಲ್ಲ. ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಪೇಟೆಯ ಪ್ರತಿ ಲ್ಯಾಬಿನ ಬೋರ್ಡಿನಲ್ಲೂ ಬರೆದಿದೆ. ಹಾಗಿರುವಾಗ ಕಾವೂರಿನ ಒಬ್ಬ ಬೀಡಿ ಅಕ್ಕನ ರಕ್ತ ನೋಡಲು ಒಬ್ಬ ಮೇಷ್ಟ್ರ ದಯೆ ಯಾಕೆ ಬೇಕಾಯಿತು? ೨೦೨೫ರೊಳಗೆ ಕ್ಷಯ ಮುಗಿಸುತ್ತೇವೆ ಎಂದು ೨೦೧೮ರಲ್ಲಿ ದಿಲ್ಲಿಯಲ್ಲಿ ಘೋಷಿಸಿದರು. ೨೦೨೫ ಬಂತು. ಕೆಮ್ಮು ಹೋಗಲಿಲ್ಲ. ಗಡುವು ತಪ್ಪಿದವರನ್ನು ಯಾರೂ ಡಿಫಾಲ್ಟರ್ ಅನ್ನಲಿಲ್ಲ!

ನಮ್ಮ ಹಕ್ಕೊತ್ತಾಯ ಉದ್ದವಿಲ್ಲ.

ಒಂದು. ಮಾತ್ರೆ ಕೊಡುವ ದಿನವೇ, ಓದು ಬಾರದವರಿಗೂ ತಿಳಿಯುವ ಹಾಗೆ, ಅವರವರ ಮಾತಿನಲ್ಲಿ, ತುಳುವಿನಲ್ಲಾಗಲಿ ಬ್ಯಾರಿಯಲ್ಲಾಗಲಿ, ಅಪಾಯದ ಗುರುತುಗಳನ್ನು ಹೇಳಬೇಕು. 

ಎರಡು. ತೂಕ ಕಡಿಮೆ ಇದ್ದವರು, ವಯಸ್ಸಾದವರು, ಕುಡಿಯುವವರು, ಬಸುರಿ ಬಾಣಂತಿಯರು, 'ಬಿ' 'ಸಿ' ಕಾಮಾಲೆಯವರು, ಎಚ್‌ಐವಿ ಇದ್ದವರು: ಇವರೆಲ್ಲರ ಲಿವರನ್ನು ಮದ್ದು ಶುರುಮಾಡುವ ಮೊದಲೂ, ಮೊದಲ ಎರಡು ತಿಂಗಳ ನಡುವೆಯೂ ಪುಕ್ಕಟೆಯಾಗಿ ಪರೀಕ್ಷಿಸಬೇಕು. ವಾಂತಿ ಅಂದ ಯಾರನ್ನೇ ಆಗಲಿ ರಕ್ತ ನೋಡದೆ ಹಿಂದೆ ಕಳಿಸಬಾರದು. 

ಮೂರು. ಮದ್ದು ನಡೆಯುವಷ್ಟು ತಿಂಗಳು ರೋಗಿಗೂ ಮನೆಯವರಿಗೂ ಧಾನ್ಯ, ಬೇಳೆ, ಮೊಟ್ಟೆ ಹಕ್ಕಿನ ರೇಷನ್ನಾಗಿ ಬರಬೇಕು, ಫೋಟೋ ಬೇಡ. 

ನಾಲ್ಕು. ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಕೂಲಿಯನ್ನು ಪೌರಕಾರ್ಮಿಕರಿಗೂ ಬೀಡಿಯವರಿಗೂ ಕೊಡಬೇಕು. 

ಐದು. ಮಾತ್ರೆಯಿಂದ ಲಿವರ್ ಕೆಟ್ಟವರನ್ನೂ ಸತ್ತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯದನ್ನು ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಮದ್ದಿನಿಂದ ಆದ ಕೇಡನ್ನು ವರದಿ ಮಾಡಲು ೨೦೧೦ರಿಂದ ದೇಶದಲ್ಲಿ ಒಂದು ವ್ಯವಸ್ಥೆ ಇದೆ. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಯೂ ಹೇಳಬಹುದು. ಪುಕ್ಕಟೆ ಫೋನು: ೧೮೦೦-೧೮೦-೩೦೨೪. ಕ್ಷಯದ ಬಗ್ಗೆ ಕೇಳಲು ನಿಕ್ಷಯ್ ಫೋನು: ೧೮೦೦-೧೧-೬೬೬೬. ನಮ್ಮ ಹುಡುಗರು ಸಿನಿಮಾದ ಹಾಡಿಗೆ ಖರ್ಚು ಮಾಡುವ ಹೊತ್ತಿನಲ್ಲಿ ಒಂದು ಪಾಲನ್ನು ಈ ನಂಬರುಗಳಿಗೆ ಕೊಡಲಿ. ಒಂದು ಕಾಲೊನಿಯಿಂದ ಹತ್ತು ವರದಿ ಹೋದರೆ ಲೆಕ್ಕ ಶುರುವಾಗುತ್ತದೆ.

ಮೇಷ್ಟ್ರುಗಳೇ, ನಿಮಗೆ ಒಂದು ಕೆಲಸ ಉಂಟು. ಅಕ್ಕನ ಜೀವ ಉಳಿಸಿದ್ದು ಶಾಲೆಗೆ ಹೋಗುವ ಹುಡುಗಿಯ ಕಣ್ಣು. ನಿಮ್ಮ ತರಗತಿಯ ಮಕ್ಕಳಿಗೆ ಈ ನಾಲ್ಕು ಸಾಲು ಕಲಿಸಿ. ಕ್ಷಯದ ಮಾತ್ರೆ ತಿನ್ನುವವರ ಮೂತ್ರ ಕಿತ್ತಳೆ ಕೆಂಪಾದರೆ ಹೆದರಬೇಡಿ, ಅದು ಮದ್ದಿನ ಬಣ್ಣ. ಕಣ್ಣಿನ ಬಿಳಿ ಹಳದಿಯಾದರೆ ಅದು ಮದ್ದಿನ ಬಣ್ಣವಲ್ಲ, ಲಿವರಿನ ಕೂಗು. ಊಟ ಸೇರದಿದ್ದರೆ, ವಾಂತಿ ನಿಲ್ಲದಿದ್ದರೆ, ಬಲಪಕ್ಕೆಯ ಕೆಳಗೆ ನೋವಿದ್ದರೆ, ಮೂತ್ರ ಚಹದ ಕಷಾಯದಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆ ದಿನದ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ತೋರಿಸಿ. ಸೊಪ್ಪಿನ ಮದ್ದಿಗೆ, ಬರೆ ಹಾಕುವವರಿಗೆ, ಲಿವರ್ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ. ಮದ್ದು ಯಾವಾಗ ಮತ್ತೆ ಶುರು ಎಂದು ಕೇಳಿಯೇ ಮನೆಗೆ ಬನ್ನಿ. ಇಷ್ಟು ಕಲಿತ ಮಗು ಒಂದು ಮನೆಯನ್ನು ಕಾಯುತ್ತದೆ.

ಮನೆ ಮನೆ ತಿರುಗುವ ಆಶಾ ಅಕ್ಕಂದಿರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ನಮ್ಮ ಕೇರಿಗಳಿಂದ ಬಂದವರೇ. ಅರೆ ಸಂಬಳದಲ್ಲಿ ಇಡೀ ಊರಿನ ಲೆಕ್ಕ ಹೊತ್ತವರು. ಅವರ ಕೈಗೆ ಕಾರ್ಡು ಕೊಟ್ಟು ಕಣ್ಣು ನೋಡಲು ಹೇಳದವರು ಮೇಲೆ ಕೂತಿದ್ದಾರೆ. ನಮ್ಮ ಬಂಡಾಯ ಅವರ ಮೇಲೆ.

ಬೀಡಿ ಅಕ್ಕ ಈಗ ನಲವತ್ತಮೂರು ಕಿಲೋ ಇದ್ದಾರೆ. ಮೊನ್ನೆ ಸಿಕ್ಕಾಗ, "ನನ್ನ ಹೆಸರು ಹಾಕಬೇಡಿ, ಬ್ರಾಂಚಿನಲ್ಲಿ ಬೀಡಿ ತಗೊಳ್ಳುದಿಲ್ಲ ಮತ್ತೆ. ಆದರೆ ಆಚೆ ಸಾಲಿನಲ್ಲಿ ಇನ್ನೊಬ್ಬಳಿಗೆ ಮಾತ್ರೆ ಶುರುವಾಗಿದೆ, ನಾನು ದಿನಾ ಹೋಗಿ ಅವಳ ಕಣ್ಣು ನೋಡಿ ಬರ್ತೇನೆ" ಅಂದರು.

ಸರ್ಕಾರ ಮಾಡಬೇಕಾದ ಕೆಲಸವನ್ನು ಅವರು ಮಾಡುತ್ತಿದ್ದಾರೆ, ಸಂಬಳವಿಲ್ಲದೆ. ನಾವೂ ನಮ್ಮ ನಮ್ಮ ಸಾಲಿನಲ್ಲಿ ಆ ಕೆಲಸಕ್ಕೆ ಹೊರಡೋಣ. ಹೋಗುವಾಗ ಕೈಯಲ್ಲಿ ಈ ಐದು ಬೇಡಿಕೆಗಳ ಕಾಗದವೂ ಇರಲಿ. ಕಣ್ಣು ನೋಡುವ ಅಕ್ಕ ಕೇರಿಯಲ್ಲಿದ್ದಾರೆ. ಕಣ್ಣು ತೆರೆಯಬೇಕಾದವರು ಕಚೇರಿಯಲ್ಲಿದ್ದಾರೆ.